ಒಂಬತ್ತರ ಶಾಲೆ, ನಾಲ್ಕರ ಶಾಲೆ

ಬ್ರಾಡಿ ಫೋರ್ಕ್, ನೆಬ್ರಾಸ್ಕಾ
ಜುಲೈ 28

ಪ್ರೀತಿಯ ಟ್ರೀನಾ,

ಹೇಗಿದ್ದೀಯ ಮಗಳೇ? ಹಡಗಿನ ನೌಕರಿಯಲ್ಲಿ ನಿದ್ದೆ ಸರಿಯಾಗಿ ಬರುತ್ತಿದೆಯೇ? ಬೆನ್ನುನೋವು ಕಡಿಮೆಯಾಯಿತೇ? ನಾನೂ ನಿನ್ನ ಅವಳಿಗಳೂ ಚೆನ್ನಾಗಿದ್ದೇವೆ. ಮುಸುಕಿನ ಜೋಳ ಬಂದಿದೆ, ಇಬ್ಬರೂ ತೆನೆಗೆ ಬೆಣ್ಣೆ ಸವರಿಕೊಂಡು ತಿಂದು ಕಿವಿಯವರೆಗೂ ಮೆತ್ತಿಕೊಳ್ಳುತ್ತಾರೆ. ಕೋರಾಳ ಮುಂದಿನ ಹಲ್ಲು ಬಿತ್ತು. ವೇಡ್ ಕೊನೆಗೂ ತನ್ನ ಹೆಸರನ್ನು ತಾನೇ ಬರೆದ. ಅಕ್ಷರಗಳು ತಿರುಗುಮುರುಗಾಗಿದ್ದವು, ಆದರೂ ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ಇನ್ನು ನಿನ್ನ ಮೇಲಿನ ಸಿಟ್ಟಿಗೆ ಬರುತ್ತೇನೆ.

ಫೋನಿನಲ್ಲಿ ಶಾಲೆಗಳಿಗೆ ಅಂಕ ಕೊಡುವ ಏನನ್ನೋ ನೋಡಿ, ಉತ್ತರದ ಶಾಲೆಗೆ ಹತ್ತಕ್ಕೆ ಒಂಬತ್ತು, ಮಕ್ಕಳು ಈಗ ಹೋಗುವ ದಕ್ಷಿಣದ ಶಾಲೆಗೆ ನಾಲ್ಕು, "ಅಮ್ಮಾ, ಕಣ್ಮುಚ್ಕೊಂಡು ಇಬ್ರನ್ನೂ ಉತ್ತರಕ್ಕೆ ಹಾಕ್ಬಿಡು" ಎಂದು ಬರೆದೆಯಲ್ಲ, ನಾನು ಕಣ್ಣು ಬಿಟ್ಟುಕೊಂಡೇ ಅಲ್ಲಿಗೆ ಹೋದೆ. ಎರಡೂ ಒಂದೇ ಶಾಲಾ ಮಂಡಳಿಯ ಸರ್ಕಾರಿ ಶಾಲೆಗಳು. ಅದೇ ಪುಸ್ತಕ, ಮಧ್ಯಾಹ್ನಕ್ಕೆ ಅದೇ ಅಡುಗೆಮನೆಯ ಮಾಂಸ-ಕಾಳಿನ ಚಿಲಿ, ಅದೇ ದಾಲ್ಚಿನ್ನಿ ರೋಲ್. ಹಾಗಾದರೆ ಈ ಒಂಬತ್ತು ಎಲ್ಲಿಂದ ಬಂತು ಎಂದು ಉತ್ತರದ ಪ್ರಿನ್ಸಿಪಾಲ್ ಹೋಮ್‌ಕ್ವಿಸ್ಟ್ ಅವರನ್ನು ಕೇಳಿದೆ. ಪರೀಕ್ಷೆಯ ಅಂಕಗಳಿಂದಂತೆ. ಹಾಗಾದರೆ ಊರಿನಲ್ಲಿ ನಿಧಾನವಾಗಿ ಕಲಿಯುವ ಮಕ್ಕಳೆಲ್ಲ ಎಲ್ಲಿ ಎಂದೆ. "ಅವ್ರಿಗೆ ಬೇಕಾದ ಟೀಚರ್‌ಗಳೆಲ್ಲ ದಕ್ಷಿಣದಲ್ಲೇ ಇದಾರಲ್ವಾ, ಅಲ್ಲಿಗೇ ಕಳಿಸ್ತೀವಿ" ಎಂದರು, ನಗುನಗುತ್ತಾ. ಓಡಲಾರದವರನ್ನೆಲ್ಲ ಎದುರು ತಂಡಕ್ಕೆ ದಾಟಿಸಿ ಓಟ ಗೆದ್ದ ಹಾಗಾಯಿತು ಇದು. ನಮ್ಮೂರಿನಲ್ಲಿ ಮನೆ ಮಾರುವವರು ಆ ಒಂಬತ್ತನ್ನು ಬೋರ್ಡಿನ ಮೇಲೆ ಬರೆಸಿ ನಿಲ್ಲಿಸಿದ್ದಾರೆ. ನನಗೆ ಮೈಯೆಲ್ಲ ಉರಿದುಹೋಯಿತು.

ದಕ್ಷಿಣದ ಶಾಲೆಯಲ್ಲಿ ಎಲ್ಲವೂ ಸರಿಯಿದೆ ಎನ್ನುತ್ತಿಲ್ಲ. ಛಾವಣಿ ಸೋರುತ್ತದೆ, ಗ್ರಂಥಾಲಯಕ್ಕೆ ಬೀಗ ಬಿದ್ದಿರುವುದೇ ಹೆಚ್ಚು. ಅದಕ್ಕೂ ಸಿಟ್ಟಿದೆ. ಮಂಡಳಿಯ ಸಭೆಯಲ್ಲಿ ಎದ್ದು ನಿಂತು, "ಕಷ್ಟದ ಕೆಲ್ಸ ಇವ್ರಿಗೆ, ಹೊಗಳಿಕೆ ಅವ್ರಿಗೆ, ಇದ್ಯಾವ ನ್ಯಾಯ ಕಣ್ರಪ್ಪಾ?" ಎಂದು ಕೇಳಿದೆ. ವೇಡ್‌ಗೆ ಪೆನ್ಸಿಲ್ ಹಿಡಿಯಲು ಕಲಿಸಿದ ಮಿಸ್ ಅರೆಯಾನೊ ಕೂಡ ಆ ನಾಲ್ಕರ ಒಳಗೇ ಇದ್ದಾಳೆ ಟ್ರೀನಾ. ಅವಳ ಕೆಲಸವನ್ನು ನಿನ್ನ ಫೋನು ಹೇಗೆ ಅಳೆದೀತು?

ದೇವರು ನಿನ್ನನ್ನೂ ನಿನ್ನ ಹಡಗನ್ನೂ ಕಾಯಲಿ. ಬೈದಿದ್ದೇನೆಂದು ಊಟ ಬಿಡಬೇಡ. ಸಿಟ್ಟಿನ ಜೊತೆಗೇ ಮುತ್ತುಗಳನ್ನೂ ಕಳಿಸಿದ್ದೇನೆ.

ನಿನ್ನ ಅಮ್ಮ,
ವರ್ಲಾ

ಮರೆತೆ: ಉತ್ತರದವರು ಒಪ್ಪಿದ್ದಾರೆ, ಕೋರಾಳಿಗೆ ಮಾತ್ರ. ವೇಡ್‌ಗೆ ಅಲ್ಲಿ ಜಾಗವಿಲ್ಲವಂತೆ. ಶಾಲೆ ಶುರುವಾಗುವುದರೊಳಗೆ ತಾಯಿಯ ಒಪ್ಪಿಗೆ ಬೇಕು. ನೀನು ಹೂಂ ಅಂದರೆ ನಾನು ಅಡ್ಡ ಬರುವುದಿಲ್ಲ. ಆದರೆ ವೇಡ್ ಈಗಲೇ ಇಬ್ಬರ ಶಾಲೆಯ ಚೀಲಗಳನ್ನೂ ಬಾಗಿಲ ಬಳಿ ಒಂದಕ್ಕೊಂದು ಒರಗಿಸಿ ಇಟ್ಟು ಕಾಯುತ್ತಿದ್ದಾನೆ. ಒಂದನ್ನು ಯಾಕೆ ಬೇರೆ ಎತ್ತಿಡಬೇಕು ಎನ್ನುವುದನ್ನು ನೀನೇ ಫೋನು ಮಾಡಿ ಅವನಿಗೆ ಹೇಳು. ನನ್ನ ಕೈಲಿ ಆಗುವುದಿಲ್ಲ.