ಖಾಲಿ ಬಿಡಬಾರದ ತೊಟ್ಟಿ

ಹೊಳೆನರಸೀಪುರ
ಅಕ್ಟೋಬರ್ ೧೬, ೧೯೩೮. ಭಾನುವಾರ

ಬೆಳಗಿನಿಂದ ಕೊಟ್ಟಿಗೆಯಲ್ಲಿ. ಮೋಟಾರ್ ಸೈಕಲ್ ಒರೆಸಿದೆ. ಒರೆಸುವುದೊಂದು ಬಿಟ್ಟರೆ ಸದ್ಯಕ್ಕೆ ಅದರಿಂದ ಬೇರೆ ಕೆಲಸವಿಲ್ಲ — ನನ್ನ ವಕೀಲಿಯ ಹಾಗೆಯೇ. ಆಫೀಸಿಗೆ ಈ ವಾರ ಕಕ್ಷಿಗಳು ಬರಲಿಲ್ಲ. ಪಕ್ಷಿಗಳು ಬಂದಿವೆ. ಗುಬ್ಬಿ ದಂಪತಿ, ಫೀಸು ಕೊಡದೆ ಗೂಡು ಕಟ್ಟುತ್ತಿದ್ದಾರೆ.

ಅಮ್ಮ ಇದನ್ನು ಕೊಟ್ಟಿಗೆ ಎನ್ನುತ್ತಾಳೆ. ನಾನು ಗ್ಯಾರೇಜ್ ಎನ್ನುತ್ತೇನೆ. ಎಮ್ಮೆ ಇನ್ನೂ ಅಭಿಪ್ರಾಯ ತಿಳಿಸಿಲ್ಲ.

ಮಧ್ಯಾಹ್ನ ಮಾವನವರು ಬಂದರು. ಚನ್ನರಾಯಪಟ್ಟಣದ ಜವಳಿ ಅಂಗಡಿ ರುದ್ರಯ್ಯನವರು. ಮೊದಲ ದೀಪಾವಳಿಗೆ ಅಳಿಯನನ್ನು ಕರೆಯಲು.

"ಅಳಿಯಂದ್ರೇ, ಅಮಾಸೆ ಸಂಜೆ ಅಂಗ್ಡಿ ಪೂಜೆ. ದೀಪ ಹಚ್ಚೋ ಒತ್ಗೆ ಬಂದ್ಬುಡಿ. ಬಸ್ಸಲ್ಲಿ."

"ಗಾಡಿ ಇದೆಯಲ್ಲ ಮಾವ—"

"ಗೊರೂರು ರಸ್ತೇಲಿ ಮಲಗಿತ್ತಲ್ಲ, ಅದೇನಾ? ನೀವು ಅದ್ರಲ್ಲೇ ಬನ್ನಿ, ನಾನ್ಯಾಕೆ ಬ್ಯಾಡ ಅನ್ಲಿ. ನನ್ ಮಗಳು ಮಾತ್ರ ಬಸ್ಸಲ್ಲಿ ಬರ್ಲಿ."

ಮಲಗಿದ್ದು ನಿಜ. ಆಷಾಢದಲ್ಲಿ ಎಂಜಿನ್ ಸೀಜ್ ಆಯಿತು, ಒಳಗೇ ಕಚ್ಚಿಕೊಂಡು ನಿಂತಿತು. ಹಳೆಯ ಎಣ್ಣೆ ಗಂಜಿಯಾಗಿತ್ತಂತೆ. ಹುಚ್ಚಯ್ಯನ ಎತ್ತಿನ ಗಾಡಿಯ ಮೇಲೆ ಊರಿಗೆ ಮೆರವಣಿಗೆ. ಎತ್ತುಗಳು ನಕ್ಕವೆಂದು ನನ್ನ ಗುಮಾನಿ. ಹಾಸನದಲ್ಲಿ ರಿಪೇರಿಯಾಯಿತು, ದೂರ ಹೊರಡುವ ಮೊದಲು ಎಣ್ಣೆ ಬದಲಿಸಲೇಬೇಕೆಂದು ಮೆಕ್ಯಾನಿಕ್ ಹೇಳಿ ಕಳಿಸಿದ.

ಗಾಡಿಯಲ್ಲಿ ಬರುತ್ತೀಯಾ ಎಂದು ನೀಲಾಂಬಿಕೆಯನ್ನು ಕೇಳಿದೆ. ವೈಶಾಖದಲ್ಲಿ ಮದುವೆಯಾಗಿ ಬಂದವಳು ಒಂದು ಸಲವೂ ಹಿಂದಿನ ಸೀಟಿನಲ್ಲಿ ಕೂತಿಲ್ಲ.

"ಎಣ್ಣೆ ನೀವೇ ಬದಲಾಯ್ಸಿ. ನಾನು ಪಕ್ಕದಲ್ಲಿ ನಿಂತು ನೋಡ್ತೀನಿ. ಧೈರ್ಯ ಬಂದ್ರೆ ಕೂರ್ತೀನಿ. ಬರ್ದಿದ್ರೆ ಬಸ್ಸು. ಯಾವುದಕ್ಕೂ ಡ್ರೈವರ್ ಸಣ್ಣಯ್ಯಂಗೆ ಒಂದು ಸೀಟು ಹೇಳಿಡಿ."

ಹೈಕೋರ್ಟಿನಲ್ಲಿ ಕೂಡ ಇಷ್ಟು ಸ್ಪಷ್ಟವಾದ ಆರ್ಡರು ಸಿಗುವುದಿಲ್ಲ.

ಅಕ್ಟೋಬರ್ ೧೯

ಹಾಸನಕ್ಕೆ ಹೋಗಿ ಎಣ್ಣೆ ತಂದೆ. ಒಂದೇ ಡಬ್ಬಿ ಸಿಕ್ಕಿತು. ಹಬ್ಬ ಕಳೆಯುವವರೆಗೆ ಬೇರೆ ಬರುವುದಿಲ್ಲವಂತೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಪಕ್ಕದಲ್ಲಿದ್ದ ಮುದುಕಿ, "ತುಪ್ಪವಾ ಸಾ?" ಎಂದಳು. "ತುಪ್ಪಕ್ಕಿಂತ ಹೆಚ್ಚು" ಎಂದೆ. ಅಲ್ಲಿಂದ ಊರು ಬರುವವರೆಗೆ ಮುದುಕಿ ಡಬ್ಬಿಯಿಂದ ಕಣ್ಣು ತೆಗೆಯಲಿಲ್ಲ.

ಅಕ್ಟೋಬರ್ ೨೧, ಶುಕ್ರವಾರ. ಸಂಜೆ

ಆಯಿತು! ಅರ್ಧ ಆಯಿತು.

ಎಮ್ಮೆಯನ್ನು ಹೊರಗೆ ಕಟ್ಟಿದೆ. ಗಾಡಿಯನ್ನು ಅಂಗಳಕ್ಕೆ ತಂದು ಕೊಂಚ ಹೊತ್ತು ಓಡಿಸಿ ಎಣ್ಣೆ ಬೆಚ್ಚಗೆ ಮಾಡಿದೆ — ಕೊಟ್ಟಿಗೆಯೊಳಗೆ ಓಡಿಸಿದರೆ ಹೊಗೆ ಉಸಿರು ಕಟ್ಟಿಸುತ್ತದೆಂದು ಕೈಪಿಡಿಯಲ್ಲಿದೆ. ಮತ್ತೆ ಒಳಗೆ ತಂದು ನಿಲ್ಲಿಸಿದೆ. ಮಣ್ಣು ನೆಲದಲ್ಲಿ ಸ್ಟ್ಯಾಂಡು ಹೂತು ಗಾಡಿ ಮೇಲೆ ಬೀಳದಿರಲಿ ಎಂದು ಕೆಳಗೆ ಚಪ್ಪಡಿ. ಚಕ್ರಕ್ಕೆ ಕಲ್ಲು. ಸುತ್ತ ಮರಳು. ಬಾಗಿಲಲ್ಲಿ ಹುಚ್ಚಯ್ಯ, ಬಾಯಲ್ಲಿ ಬೀಡಿ.

"ಹುಚ್ಚಯ್ಯ, ಬೀಡಿ ಆಚೆ! ಪೆಟ್ರೋಲ್ ಇದೆ."

"ನಾನು ಬಾಗ್ಲಾಚೇನೇ ಇವ್ನಿ ಕಣ್ ಬುದ್ಧಿ. ಒಗೆ ಮಾತ್ರ ಒಳೀಕ್ ಓಯ್ತಾದೆ."

ನೀಲಾ ಮಾತು ಕೊಟ್ಟಂತೆ ಪಕ್ಕದಲ್ಲೇ ನಿಂತಳು. ನಟ್ಟ ನೋಟ — ನನ್ನ ಮೇಲಲ್ಲ, ನಟ್ಟಿನ ಮೇಲೆ. ಸೀಟಿನ ಕೆಳಗೆ ಎಣ್ಣೆಯ ತೊಟ್ಟಿ. ಅದರ ತಳದ ತಿರುಪು ಬಿಚ್ಚಿದೊಡನೆ ಬಿಸಿ ಎಣ್ಣೆ ಕಪ್ಪು ಜಡೆಯ ಹಾಗೆ ಬೋಗುಣಿಗೆ ಇಳಿಯಿತು. ಕೈ ಸುಡಲಿಲ್ಲ; ಅವಳೇ ಮೊದಲೇ ಬಟ್ಟೆ ಸುತ್ತಿದ್ದಳು. ಹಳೆ ಎಣ್ಣೆಯನ್ನು ಹುಚ್ಚಯ್ಯ ಗಾಡಿಯ ಅಚ್ಚಿಗೆಂದು ಒಯ್ದ. ತೊಟ್ಟಿ ಒರೆಸಿದೆ. ಹೊಸ ವಾಷರ್ ಹಾಕಿ ತಿರುಪು ಬಿಗಿದೆ. ಅಷ್ಟರಲ್ಲಿ ಕತ್ತಲು.

ಲಾಂದ್ರ ತರಲೇ ಎಂದೆ. "ಪೆಟ್ರೋಲ್ ಪಕ್ಕದಲ್ಲಿ ದೀಪವಾ?" ಎಂದಳು. ನಿಲ್ಲಿಸಿದೆವು. ತೊಟ್ಟಿ ಗಾಳಿಯಾಡಲಿ ಎಂದು ಮೇಲಿನ ಮುಚ್ಚಳ ತೆರೆದೇ ಬಿಟ್ಟೆ.

ಒಳಗೆ ನೀರು ತುಂಬುವ ಹಬ್ಬದ ಗಲಾಟೆ. ಅಮ್ಮ ಹಂಡೆ ಬೆಳಗಿ ಹಾಗಲಬಳ್ಳಿ ಸುತ್ತುತ್ತಿದ್ದಾಳೆ. ಕೊಳಗ, ಬಿಂದಿಗೆ, ಚೊಂಬು... ಈ ಸಂಜೆ ಮನೆಯಲ್ಲಿ ನೀರು ಹಿಡಿಯುವ ಯಾವುದೂ ಖಾಲಿ ಇರಕೂಡದು. ನನ್ನ ಮಸಿಕುಡಿಕೆಯ ಮೇಲೂ ಅವಳ ಕಣ್ಣು ಬಿದ್ದಿತ್ತು. ಕಾಪಾಡಿಕೊಂಡೆ.

ಅಕ್ಟೋಬರ್ ೨೨

ಅಭ್ಯಂಜನ. ಅಮ್ಮ ನೆತ್ತಿಗೆ ತಟ್ಟಿದ ಹರಳೆಣ್ಣೆಯ ಲೆಕ್ಕದಲ್ಲಿ ಇಂದು ಎಣ್ಣೆ ಬದಲಾದದ್ದು ನನಗೇ. ಊಟ. ನಿದ್ದೆ. ಇಂದು ಕಬ್ಬಿಣ ಮುಟ್ಟಕೂಡದೆಂದು ಅಮ್ಮನ ಆಜ್ಞೆ.

ಸಂಜೆ ಇಣುಕಿದೆ. ಗಾಡಿಯ ಹಣೆಗೆ ವಿಭೂತಿ, ಹ್ಯಾಂಡಲಿಗೆ ಹಾಗಲಬಳ್ಳಿ! ಎಂಥ ಮನಸ್ಸು ಅಮ್ಮನದು. ತೊಟ್ಟಿಯ ಮುಚ್ಚಳವನ್ನೂ ಹಾಕಿಟ್ಟಿದ್ದಾಳೆ, ಪಾಪ.

ಅಕ್ಟೋಬರ್ ೨೩, ಭಾನುವಾರ. ಬೆಳಿಗ್ಗೆ

ಎಣ್ಣೆ ಕೈಯಲ್ಲೇ ಬರೆಯುತ್ತಿದ್ದೇನೆ.

ಬೆಳಕು ಹರಿದೊಡನೆ ಹೊಸ ಎಣ್ಣೆ ಸುರಿಯಲು ಕೂತೆ. ಜೇನಿನ ಬಣ್ಣ. ಹಾಡುತ್ತಾ ಸುರಿದೆ. ಅರ್ಧ ಡಬ್ಬಿಗೇ ತೊಟ್ಟಿ ತುಂಬಿತು. "ಉಳಿತಾಯ!" ಎಂದು ಮುಚ್ಚಳ ಬಿಗಿದು ಕಿಕ್ ಹೊಡೆಯಲು ಕಾಲೆತ್ತಿದೆ.

"ತಾಳಿ," ಎಂದಳು ನೀಲಾ. "ಪೂರ್ತಿ ಡಬ್ಬಿ ಹಿಡಿಯುತ್ತೆ ಅಂದಿದ್ರಲ್ಲ. ಅರ್ಧಕ್ಕೆ ಹೇಗೆ ತುಂಬಿತು? ಒಳಗೆ ಇನ್ನೇನಿದೆ?"

ಕಾಲು ಗಾಳಿಯಲ್ಲೇ ನಿಂತಿತು. ತಳದ ತಿರುಪು ಬಿಚ್ಚಿದೆ. ಬಂದದ್ದು ನೀರು! ಅರಿಶಿನ ಬೆರೆತ ನೀರು. ಜೊತೆಗೊಂದು ಚೆಂಡುಹೂವಿನ ಎಸಳು.

ಅಮ್ಮನನ್ನು ಕೂಗಿದೆ.

"ಖಾಲಿ ಇತ್ತು ಕಣೋ. ಹಬ್ಬದ ದಿನ ಖಾಲಿ ಬಿಡಾಕಾಯ್ತದಾ? ಒಂದು ಚೊಂಬು ಉಯ್ದೆ. ಚೆನ್ನಾಗಿ ತೊಳ್ದೇ ಇಟ್ಟಿದ್ದೆಯಲ್ಲ ಮತ್ತೆ!"

"ಅದು ಎಣ್ಣೆಯ ತೊಟ್ಟಿ ಅಮ್ಮಾ!"

"ತೊಟ್ಟಿ ಅಂತ ನೀನೇ ಅಂತೀಯ. ನೀರು ಒಂದು ತೊಟ್ಟೂ ಸೋರಿಲ್ಲ ನೋಡು, ಅಷ್ಟು ಗಟ್ಟಿಯಾಗ್ ಅದೆ."

ಸೋರದಂತೆ ವಾಷರ್ ಹಾಕಿದವನು ನಾನೇ. ನನ್ನ ಕೈಗುಣಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೆ.

ಕಿಕ್ ಹೊಡೆದಿದ್ದರೆ ನೀರು ಎಂಜಿನ್ನಿಗೆ ಹೋಗುತ್ತಿತ್ತು. ಮತ್ತೆ ಹುಚ್ಚಯ್ಯ, ಮತ್ತೆ ಎತ್ತುಗಳ ನಗೆ. ತೊಟ್ಟಿ, ಕೊಳವೆ ಎಲ್ಲ ಬಿಚ್ಚಿ ಒಣಗಿಸಿ ಮತ್ತೆ ಜೋಡಿಸಿದೆ. ಬೋಗುಣಿಯಲ್ಲಿ ನೀರಿನ ಮೇಲೆ ಹೊಸ ಎಣ್ಣೆ ತೇಲುತ್ತಿತ್ತು. ಡಬ್ಬಿಯಲ್ಲಿ ಉಳಿದದ್ದು ಅರ್ಧ. ಅದು ಸಾಲದು.

"ಮೇಲಿಂದು ಬಗ್ಗಿಸ್ಕೊಳ್ಳೋ," ಎಂದಳು ಅಮ್ಮ.

ಬಗ್ಗಿಸಿಕೊಳ್ಳೋಣವೆನ್ನಿಸಿತು. ಎಷ್ಟು ಅನ್ನಿಸಿತೆಂದರೆ ಸೌಟು ಕೈಗೆ ಬಂದಿತ್ತು. ನಾಲ್ಕು ಹನಿ ನೀರು ಉಳಿದರೆ ಏನು ಮಹಾ... ಇಷ್ಟು ದಿನದ ಕನಸು, ಪೇಟೆಬೀದಿ, ಮಾವನವರ ಮುಖ... ನೀಲಾ ನೋಡುತ್ತಿದ್ದಳು.

ಸೌಟು ಕೆಳಗಿಟ್ಟೆ. "ಬೇಡ. ಇವತ್ತು ಸ್ಟಾರ್ಟ್ ಮಾಡಲ್ಲ. ನೀನು ಬಸ್ಸಿಗೆ ಹೋಗು, ಹೊತ್ತಾಯ್ತು. ನಾನು ಹೇಗಾದ್ರೂ ಬರ್ತೀನಿ."

ಒಳಗೆ ಹೋದಳು. ಸೀರೆ ಬದಲಿಸಿ, ಚೀಲ ಹಿಡಿದು ಬಂದಳು. "ಸೀಟಿನ ವಿಷಯ ಸಣ್ಣಯ್ಯನ ಹತ್ರ ನಾನೇ ಮಾತಾಡ್ತೀನಿ," ಎಂದು ಹುಚ್ಚಯ್ಯನ ಜೊತೆ ಹೊರಟೇಹೋದಳು. ತಿರುಗಿ ನೋಡಲಿಲ್ಲ.

ಬಸ್ಸಿನ ಹಾರನ್ ಕೇಳಿಸಿತು. ಈಗ ಸೇತುವೆ ದಾಟಿರಬೇಕು.

ಅದೇ ದಿನ, ತುಸು ಹೊತ್ತಿಗೆ

ಬಾಗಿಲಲ್ಲಿ ನೀಲಾ! ಚೀಲದಲ್ಲಿ — ಡಬ್ಬಿ!

ಬಸ್ಸಿನವರು ಇಟ್ಟುಕೊಂಡಿದ್ದ ಎಣ್ಣೆ. ಸೀಲ್ ಒಡೆದಿಲ್ಲ. ನಮ್ಮ ಡಬ್ಬಿಯ ಮೇಲಿದ್ದ ಗ್ರೇಡಿನ ನಂಬರೇ ಇದರ ಮೇಲೂ ಇದೆ. ಓದಿ, ಹೊಂದಿಸಿ ತಂದಿದ್ದಾಳೆ. ಹುಚ್ಚಯ್ಯ ಇನ್ನೂ ಏದುಸಿರು ಬಿಡುತ್ತಾ:

"ಏನ್ ಎಣ್ಮಗಳು ಬುದ್ಧಿ! 'ಸೀಟು ಬ್ಯಾಡ, ಎಣ್ಣೆ ಕೊಡಿ' ಅಂದ್ಬುಟ್ರು. ಸಣ್ಣಯ್ಯ ಬಾಯ್ ಬಿಟ್ಕಂಡೇ ಕೊಟ್ಟ. ಬಸ್ಸೆಲ್ಲ ನೋಡ್ತಿತ್ತು!"

ಹುಚ್ಚಯ್ಯನ ಬಾಯಲ್ಲಿ ಹೆಣ್ಣೂ ಎಣ್ಣೆಯೂ ಅಕ್ಕಪಕ್ಕದ ಮನೆಯವರು. ಇಂದು ಇಬ್ಬರೂ ಒಟ್ಟಿಗೆ ನನ್ನ ಮನೆಗೆ ಬಂದರು.

"ಧೈರ್ಯ ಬಂತಾ?" ಎಂದೆ.

"ಬಂತು."

"ಯಾವಾಗ?"

"ನೀವು ಬೇಡ ಅಂದಾಗ."

ಸುರಿದೆ. ಈ ಸಲ ತೊಟ್ಟಿ ಹಿಡಿಯಬೇಕಾದಷ್ಟನ್ನೇ ಹಿಡಿಯಿತು. ಗಾಡಿಯನ್ನು ಅಂಗಳಕ್ಕೆ ತಳ್ಳಿ ಒಂದೇ ಕಿಕ್. ಅಮ್ಮ ಬೆಚ್ಚಿದಳು, ಚೊಂಬು ಕೈಜಾರಿತು. ಆಹಾ, ಏನು ಶಬ್ದ... ಬರೆಯಲು ಹೊತ್ತಿಲ್ಲ. ಸೆರಗು ಚಕ್ರಕ್ಕೆ ಸಿಗದಂತೆ ಬಿಗಿದು ಕಟ್ಟಿ ಆಗಲೇ ಕೂತಿದ್ದಾಳೆ. ಹೊರಟೆವು!

ಚನ್ನರಾಯಪಟ್ಟಣ. ಅಂದೇ ಸಂಜೆ

ದೀಪ ಹಚ್ಚುವ ಮೊದಲೇ ಬಂದೆವು. ಬರುವಾಗ ಭುಜ ಹಿಡಿದ ಕೈ ಮೊದಲು ಬಿಗಿ, ಆಮೇಲೆ ಸಡಿಲ, ಆಮೇಲೆ ಒಂದು ಇಳಿಜಾರಿನಲ್ಲಿ ಕೈಯೇ ಇಲ್ಲ! ಬಿದ್ದಳೋ ಎಂದು ತಿರುಗಿದರೆ ಗದ್ದೆಯಲ್ಲಿದ್ದ ಹೆಂಗಸರಿಗೆ ಕೈ ಬೀಸುತ್ತಿದ್ದಾಳೆ.

ಮಾವನವರು ಅಂಗಡಿಯ ಮೆಟ್ಟಿಲ ಮೇಲೆ, ಕೈಯಲ್ಲಿ ಆರತಿ ತಟ್ಟೆ. ಬಸ್ಸು ಬಂದು ಮಗಳು ಇಳಿಯದಿದ್ದಾಗಿನಿಂದ ಅಲ್ಲೇ ನಿಂತಿದ್ದರಂತೆ. ಗಾಡಿಯನ್ನು ಸುತ್ತು ಹಾಕಿ ನೋಡಿದರು. ಕೆಳಗೆ ಬಗ್ಗಿ ನೋಡಿದರು. ಒಂದು ಹನಿ ಸೋರಿಲ್ಲ.

ಪೂಜೆ, ಹೋಳಿಗೆ. ಊಟದ ಮಧ್ಯೆ ಮಾವನವರು ಮೆಲ್ಲಗೆ, "ಮಗಾ, ವಾಪಸ್ ಓಗಾಕೆ ಬಸ್ಸಿಗೆ ಒಂದು ಸೀಟು ಹೇಳ್ಲಾ?"

"ಹೇಳಿ ಅಪ್ಪಾಜಿ," ಎಂದಳು ನೀಲಾ. "ಇವರಿಗೆ. ಗಾಡಿ ನಾನು ತರ್ತೀನಿ."

ಮಾವನವರಿಗೆ ಹೋಳಿಗೆ ನೆತ್ತಿಗೆ ಹತ್ತಿತು. ನನಗೂ.

ತಮಾಷೆಯೆಂದುಕೊಂಡೆ. ಅಲ್ಲ. ನಾಳೆ ಬೆಳಿಗ್ಗೆ ಕೆರೆಯ ಹಿಂದಿನ ಬಯಲಿನಲ್ಲಿ ಕ್ಲಚ್ಚು, ಗೇರು ಹೇಳಿಕೊಡಬೇಕಂತೆ. ಪಕ್ಕದಲ್ಲಿ ನಿಂತು ನೋಡುವ ಸರದಿ ನನ್ನದಂತೆ. ಧೈರ್ಯ ಬಂದರೆ ಹಿಂದೆ ಕೂರಬಹುದಂತೆ. ಸೀರೆಯಲ್ಲಿ ಹೇಗೆ ಕಿಕ್ ಹೊಡೆಯುತ್ತೀ ಎಂದು ಕೇಳಿದೆ. ಕೋಣೆಗೆ ಹೋಗಿ ಈಗ ತಾನೇ ಹೊರಗೆ ಬಂದಳು. ಉಟ್ಟದ್ದು ಮಾವನವರ ಕಚ್ಚೆಪಂಚೆ, ಮೇಲೆ ನನ್ನದೇ ಕೋಟು!