ತುಟಿಯ ಮೇಲೆ ಬೆರಳು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಮಂಡಿನೋವು ಹೇಗಿದೆ? ಭಾವ ಹೊಸ ಕನ್ನಡಕ ಹಾಕಿಕೊಳ್ಳುತ್ತಿದ್ದಾರೋ, ಇಲ್ಲ ಅದನ್ನೂ ಹುಡುಕುತ್ತಿದ್ದಾರೋ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಒಳ್ಳೆಯ ಸುದ್ದಿ ಸಿಕ್ಕ ಮೇಲೆ ಬರೆಯೋಣವೆಂದು ಕಾದೆ. ಇನ್ನು ಕಾಯುವುದರಲ್ಲಿ ಅರ್ಥವಿಲ್ಲ.

ನೀನು ಶುರುಮಾಡಿ ನನ್ನ ಕೈಗೆ ಒಪ್ಪಿಸಿದ ಶಿಶುವಿಹಾರವನ್ನು ನಗರಸಭೆ ಮುಚ್ಚಿತು.

ಬಜೆಟ್‌ಗೆ ಮುಂಚೆ ನಾನೂ ಆಯಾಳೂ ಸಭೆಗೆ ಹೋಗಿದ್ದೆವು. ಖರ್ಚು ಮಾಡುವುದಾದರೆ ಶಾಲೆಗೆ ಸೇರುವ ಮೊದಲಿನ ವರ್ಷಗಳಿಗೇ ಮಾಡಿ ಎಂದೆ. ಮಾತೇ ಬಾರದ ಮಗು ಒಂದನೇ ತರಗತಿಯಲ್ಲಿ ಮೂಲೆ ಹಿಡಿದರೆ, ಆಮೇಲೆ ಎಷ್ಟು ಕಂಪ್ಯೂಟರ್ ಕೊಟ್ಟರೂ ಆ ಮೂಲೆ ಬಿಟ್ಟು ಏಳುವುದಿಲ್ಲ ಎಂದೆ. ಅಧ್ಯಕ್ಷರು ಪೆನ್ನು ತಿರುಗಿಸುತ್ತ ಕೇಳಿಸಿಕೊಂಡರು. ಚಪ್ಪಲಿ ಅಂಗಡಿ ಇಟ್ಟಿರುವ ಸದಸ್ಯರು ಮಾತ್ರ ನಕ್ಕರು.

“ಅಲ್ಲಮ್ಮ, ಮಕ್ಕಳು ಆಡೋಕೂ ನಗರಸಭೆನೇ ಬೇಕಾ? ಮನೇಲಿ ಅಜ್ಜಿ ಇರಲ್ವಾ?”

“ಇರ್ತಾರೆ ಸಾರ್,” ಎಂದಳು ಆಯಾ. “ಆಸ್ಪತ್ರೆ ಲಾಂಡ್ರೀಲಿ. ಮಗಳ ಪಕ್ಕದಲ್ಲೇ ನಿಂತ್ಕೊಂಡು ಬಟ್ಟೆ ಹಿಂಡ್ತಿರ್ತಾರೆ.”

ಸಭೆಯೇ ನಕ್ಕಿತು. ಆ ನಗುವಿನಲ್ಲಿ ಅಧ್ಯಕ್ಷರು, “ಸರಿ, ಬಂದು ನೋಡ್ತೀವಿ,” ಎಂದುಬಿಟ್ಟರು. ಗೆದ್ದೆವೆಂದೇ ತಿಳಿದು ಆಯಾ ನನಗೆ ಟೀ ಕುಡಿಸಿದಳು.

ದೊಡ್ಡವರು ಬರುತ್ತಾರೆಂದು ಕೋಣೆಯನ್ನು ಚೊಕ್ಕ ಮಾಡಿದೆವು. ಮರಳಿನ ತೊಟ್ಟಿಗೆ ಮುಚ್ಚಳ ಹಾಕಿದೆವು. ನೀರಾಟದ ಟಬ್ಬನ್ನು ಬಚ್ಚಲಿಗೆ ಸಾಗಿಸಿದೆವು. ಗೋಡೆಯ ಮೇಲೆ ಮಕ್ಕಳು ಒತ್ತಿದ್ದ ಬಣ್ಣದ ಅಂಗೈ ಗುರುತುಗಳಿಗೆ ಸುಣ್ಣ ಬಳಿದೆವು. ಮಕ್ಕಳಿಗೆ ಒಂದು ಆಟ ಕಲಿಸಿದೆ: ಬಾಗಿಲಲ್ಲಿ ಯಾರಾದರೂ ಕಂಡರೆ ತುಟಿಯ ಮೇಲೆ ಬೆರಳು. ನಾನು ‘ಕೈ ತೆಗೀರಿ’ ಎನ್ನುವವರೆಗೆ ಮಾತಿಲ್ಲ.

ಆ ಆಸ್ಪತ್ರೆ ಲಾಂಡ್ರಿಯವಳ ಮಗಳ ಬಗ್ಗೆ ಬರೆದಿದ್ದೆನಲ್ಲ, ಗೋಡೆ ಹಿಡಿದೇ ನಡೆಯುವುದರಿಂದ ನಾವು ‘ಇರುವೆ’ ಎನ್ನುವವಳು? ಸೇರಿದಾಗಿನಿಂದ ಬಾಯಿಯೇ ತೆರೆಯದವಳು ಇತ್ತೀಚೆಗೆ ಆ ನೀರಿನ ಟಬ್ಬಿನ ಹತ್ತಿರ ಮಾತು ಶುರುಮಾಡಿದ್ದಳು. ‘ಸುರಿ’, ‘ಇನ್ನೊಂದ್ಸಲ’, ‘ನಂದು’. ಅಷ್ಟೇ, ಆದರೆ ಇಡೀ ಬೆಳಿಗ್ಗೆ.

“ಟಬ್ ಬೇಡ್ವಾ?” ಎಂದು ಕೇಳಿದಳು.

“ಅವ್ರು ಹೋಗೋವರೆಗೆ ಬೇಡ, ಮರಿ.”

ಅವರು ಬಂದರು. ಮಕ್ಕಳು ಸಾಲಾಗಿ, ಬೆರಳಿಟ್ಟು, ಗೊಂಬೆಗಳ ಹಾಗೆ ಕೂತಿದ್ದರು. ನಮ್ಮ ಕೋಣೆ ಅಷ್ಟು ಸ್ತಬ್ಧವಾಗಿದ್ದುದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಚಪ್ಪಲಿ ಅಂಗಡಿಯ ಸದಸ್ಯರು ಸುತ್ತ ಕಣ್ಣಾಡಿಸಿದರು.

“ಶಿಸ್ತೇನೋ ಚೆನ್ನಾಗಿದೆ. ಸುಮ್ನೆ ಕೂರೋದಕ್ಕೆ ಟೀಚರ್ ಯಾಕೆ? ಮನೇಲೂ ಕೂರ್ತಾರೆ.”

“ದಿನಾ ಹೀಗಿರಲ್ಲ, ಸಾರ್.”

“ಹಾಗಾದ್ರೆ ದಿನಾ ಗಲಾಟೇನಾ?”

ಅಧ್ಯಕ್ಷರು ವಾಚು ನೋಡಿಕೊಂಡರು. ಬಚ್ಚಲಿನಿಂದ ಟಬ್ಬನ್ನು ಎಳೆದು ತಂದು ತೋರಿಸುವಷ್ಟು ಹೊತ್ತೂ ಅವರು ನಿಲ್ಲಲಿಲ್ಲ.

ಈಗ ಆ ಕೋಣೆಯಲ್ಲಿ ನಗರಸಭೆಯ ಮುರಿದ ಕುರ್ಚಿಗಳಿವೆ. ನನ್ನನ್ನು ಜನನ ಪ್ರಮಾಣಪತ್ರ ಕೊಡುವ ಕಿಟಕಿಗೆ ಹಾಕಿದ್ದಾರೆ. ಹುಟ್ಟಿದ್ದನ್ನು ಬರೆದುಕೊಡುತ್ತೇನೆ, ಆಮೇಲಿನದ್ದು ನನ್ನ ವಿಭಾಗವಲ್ಲ. ಆಯಾಳಿಗೆ ಎಲ್ಲೂ ಕೆಲಸ ಕೊಡಲಿಲ್ಲ. ಮೊನ್ನೆ ಬಂದಿದ್ದಳು. “ಟೀಚರ್, ಮನೇಲಿ ಸದ್ದೇ ಇಲ್ಲ. ತಲೆನೋವು ಬರುತ್ತೆ,” ಎಂದಳು.

ಮತ್ತೆ ಮನವಿ ಕೊಡು ಎನ್ನುತ್ತೀ, ಗೊತ್ತು. ಕೊಟ್ಟೆ. ಮುಂದಿನ ವರ್ಷ ನೋಡೋಣ ಎಂದರು. ಅಲ್ಲಿಯವರೆಗೆ ಈ ಮಕ್ಕಳ ಮೂರನೇ ವರ್ಷ ಬಾಗಿಲಲ್ಲಿ ಕಾಯುತ್ತ ನಿಂತಿರುವುದಿಲ್ಲ. ಅದನ್ನೂ ಹೇಳಿದೆ. ತಲೆಯಾಡಿಸಿದರು.

ನಿನ್ನ ಮೊಮ್ಮಗ ತುಂಬ ಗಲಾಟೆ ಎಂದು ಬರೆದಿದ್ದೀಯ. ಮಾಡಲಿ ಬಿಡು. ಅವನಿಗೆ ನನ್ನ ಆಶೀರ್ವಾದ. ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ

ತಾ.ಕ.: ನಿನ್ನೆ ಇರುವೆಯ ಮನೆಯ ಮುಂದೆ ಹಾದುಹೋದೆ. ತಾಯಿ, ಅಜ್ಜಿ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಬಾಗಿಲಿಗೆ ಹೊರಗಿನಿಂದ ಬೀಗ. ಕಿಟಕಿಯ ಸರಳುಗಳ ಹಿಂದೆ ಅವಳು ನಿಂತಿದ್ದಳು. ಹತ್ತಿರ ಹೋಗಿ ಕರೆದೆ. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು. “ಕೈ ತೆಗಿ ಮರಿ, ಅವ್ರು ಹೋದ್ರು,” ಎಂದೆ. ತೆಗೆದಳು. ಬಹಳ ಹೊತ್ತು ನಿಂತೆ, ಅಕ್ಕ. ಅವಳು ಮಾತಾಡಲಿಲ್ಲ.