ಮಗ್ಗದ ಗುಂಡಿಯ ಕೆಂಪು ರೇಷ್ಮೆ

ಅತ್ತೆ,

ಗದ್ವಾಲಿನಲ್ಲಿ ಎಲ್ಲ ಕ್ಷೇಮ. ನೀವಿಲ್ಲದ್ದರಿಂದ ಚಹಾಪುಡಿ ತಿಂಗಳಿಡೀ ಬರುತ್ತಿದೆ.

ಎಲ್ಲದರ ರೇಟೂ ಏರಿದಾಗ ನಿಮ್ಮ ಸಂಜೆಯ ಚಹಾ ನಿಲ್ಲಿಸಿದವಳು ನಾನೇ. ಆದರೂ ನಮ್ಮ ಪತ್ತೇದಾರಿ ಧಾರಾವಾಹಿ ಶುರುವಾಗುವ ಹೊತ್ತಿಗೆ ನಿಮ್ಮ ಬಾಯಿಂದ ಚಹಾದ ವಾಸನೆ ಬರುತ್ತಿತ್ತು. ಅದೇ ವಾರ ಸೀರೆಯಂಚಿಗೆಂದು ಇಟ್ಟಿದ್ದ ಕೆಂಪು ರೇಷ್ಮೆ ಕಡಿಮೆ ಬಂತು. ಮಾರಿಕೊಂಡು ಚಹಾ ಕುಡಿಯುತ್ತಿದ್ದೀರಿ ಎಂದುಕೊಂಡೆ. ಟಿವಿಯ ಪತ್ತೇದಾರನಂತೆ ಓಣಿಯವರನ್ನೆಲ್ಲ ಕೂಡಿಸಿ ನಿಮ್ಮತ್ತ ಬೆರಳು ತೋರಿಸಿದೆ.

ನೀವು ಅಂದದ್ದು ಇಷ್ಟೇ: "ಇಲಿ ಒಯ್ದಿರಬೇಕವ್ವಾ, ಗುಂಡಿಯಾಗ ನೋಡು."

ಧಾರಾವಾಹಿ ನೋಡುವಾಗ ಒಮ್ಮೆಯೂ ಕೊಲೆಗಾರನನ್ನು ಸರಿಯಾಗಿ ಹೇಳದವರು ನೀವು. ನಾನು ನಕ್ಕುಬಿಟ್ಟೆ. ಮರುದಿನ ಮಕ್ತಲ್‌ನ ಮಗಳ ಮನೆಗೆ ಹೋದಿರಿ. ಅಲ್ಲಿಂದ ಬಂದದ್ದು ನಿಮ್ಮ ಸಾವಿನ ಸುದ್ದಿ. ಚಹಾ ಕುಡಿಸುತ್ತಿದ್ದದ್ದು ತಾನು ಎಂದು ಪಕ್ಕದ ಮನೆಯ ಸುಗುಣಮ್ಮ ನಿಮ್ಮನ್ನು ಮಣ್ಣು ಮಾಡಿದ ದಿನ ಹೇಳಿದಳು. ಕೇಳಿಸದವಳಂತೆ ಇದ್ದೆ.

ಇವತ್ತು ಮಗ್ಗದ ಕೆಳಗೆ ಕಾಲಿಳಿಬಿಡುವ ಗುಂಡಿ ಗುಡಿಸುವಾಗ ಮೂಲೆಯಲ್ಲಿ ಇಲಿಯ ಗೂಡು ಸಿಕ್ಕಿತು. ಅದರ ತುಂಬ ಕೆಂಪು ರೇಷ್ಮೆ. ಅಂಗಳಕ್ಕೆ ಒಯ್ದು ಕಡ್ಡಿ ಗೀರಿದೆ. ಅಸಲಿ ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆಯೇ ಬರುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ಎಳೆ ಸುಟ್ಟು ತೋರಿಸಿ ಕಲಿಸಿದವರು ನೀವೇ.

"ಏನ್ ಸುಡಾಕತ್ತಿ?" ನಿಮ್ಮ ಮಗ ಒಳಗಿನಿಂದ ಕೂಗಿದರು.

"ಉದುರಿದ ಕೂದಲ್ರೀ" ಅಂದೆ.

ನಂಬಿದರು. ಓಣಿಯಲ್ಲಿ ನೀವಿನ್ನೂ ಕಳ್ಳಿಯೇ.

ನಿಮ್ಮ ಸೊಸೆ,
ಶೈಲಜಾ